ಬಿಡಿಸಿ ಬರೆಯಿರಿ: ಇಂಗ್ಲಿಷಿನ ಗ್ರೀಕ್, ಲ್ಯಾಟಿನ್ ಪದಗಳಿಗೆ ಕನ್ನಡ ಶಾಲೆಯಿಂದ ಒಂದು ದಾರಿ

ನಾನು ಬಳ್ಳಾರಿಯ ಒಂದು ರಕ್ತ ತಪಾಸಣೆ ಕೇಂದ್ರದಲ್ಲಿ ಕೆಲಸ ಮಾಡುತ್ತೇನೆ. ಹತ್ತನೆಯ ತರಗತಿಯವರೆಗೆ ಓದಿದ್ದು ಸಿರುಗುಪ್ಪ ತಾಲ್ಲೂಕಿನ ಹಳ್ಳಿಯ ಕನ್ನಡ ಶಾಲೆಯಲ್ಲಿ. ಲ್ಯಾಬ್ ಟೆಕ್ನಾಲಜಿ ಡಿಪ್ಲೊಮಾಕ್ಕೆ ಸೇರಿದ ಮೊದಲ ವಾರ ಹಲಗೆಯ ಮೇಲೆ ಮೂರು ಪದಗಳು ಬಿದ್ದವು: ಎರಿತ್ರೋಸೈಟ್, ಲ್ಯೂಕೋಸೈಟ್, ಥ್ರಾಂಬೋಸೈಟ್. ಅಂದರೆ ರಕ್ತದ ಕೆಂಪು ಕಣ, ಬಿಳಿ ಕಣ, ಕಿರುತಟ್ಟೆ. ಪಕ್ಕದಲ್ಲಿ ಕುಳಿತಿದ್ದ ಇಂಗ್ಲಿಷ್ ಮಾಧ್ಯಮದ ಹುಡುಗಿ ಅವುಗಳನ್ನು ನೀರು ಕುಡಿದಂತೆ ಓದಿದಳು. ನಾನು ಬಾಯಿಪಾಠ ಮಾಡಿದೆ. ಮೊದಲ ಕಿರುಪರೀಕ್ಷೆಯಲ್ಲಿ ಕೆಂಪು ಕಣವನ್ನು ಬಿಳಿಯೆಂದೂ ಬಿಳಿ ಕಣವನ್ನು ಕೆಂಪೆಂದೂ ಬರೆದು ಬಂದೆ.

ಆ ರಾತ್ರಿ ಹಳೆಯ ವಿಜ್ಞಾನ ಪುಸ್ತಕ ತೆಗೆದು ಸುಮ್ಮನೆ ತಿರುವುತ್ತಿದ್ದಾಗ 'ಆಮ್ಲಜನಕ' ಕಣ್ಣಿಗೆ ಬಿತ್ತು. ಅದರ ಇಂಗ್ಲಿಷ್ ಹೆಸರು ಆಕ್ಸಿಜನ್. ಆಕ್ಸಿ ಎಂದರೆ ಗ್ರೀಕಿನಲ್ಲಿ ಹುಳಿ, ಚೂಪು. ಜನ್ ಎಂದರೆ ಹುಟ್ಟಿಸುವುದು. ಆಮ್ಲ, ಜನಕ. ಎಷ್ಟೋ ವರ್ಷ ಬಾಯಲ್ಲಿ ಆಡಿಸಿದ ಪದದೊಳಗೆ ಆ ಗ್ರೀಕ್ ಪದ ಬಿಚ್ಚಿಕೊಂಡೇ ಕುಳಿತಿತ್ತು, ನಾನು ನೋಡಿರಲಿಲ್ಲ.

ಈಗ ಭಾನುವಾರ ಬೆಳಿಗ್ಗೆ ನಮ್ಮ ಮನೆಯ ಮಾಳಿಗೆಯ ಮೇಲೆ ಏಳೆಂಟು ಹುಡುಗ ಹುಡುಗಿಯರು ಸೇರುತ್ತಾರೆ. ನರ್ಸಿಂಗ್ ಓದುವವರು, ಪಿಯುಸಿ ವಿಜ್ಞಾನದವರು, ಸರ್ಕಾರಿ ನೌಕರಿಯ ಪರೀಕ್ಷೆಗೆ ಕೂತವರು. ಅವರಿಗೆ ಹೇಳುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಕನ್ನಡ ಮಾಧ್ಯಮದಲ್ಲಿ ಓದಿದವರು ಈ ಕೆಲಸದಲ್ಲಿ ಹಿಂದೆ ಬಿದ್ದವರಲ್ಲ, ಅರ್ಧ ದಾರಿ ನಡೆದು ಬಂದವರು.

ಹೆಜ್ಜೆ ೧: ಪಟ್ಟಿ ಕೊಳ್ಳಬೇಡಿ, ಹಳೆಯ ಪಠ್ಯಪುಸ್ತಕ ಹುಡುಕಿ

ಐನೂರು ಮೂಲಪದಗಳ ಪಟ್ಟಿಗಳು ಅಂಗಡಿಯಲ್ಲೂ ಮೊಬೈಲಿನಲ್ಲೂ ಧಾರಾಳವಾಗಿ ಸಿಗುತ್ತವೆ. ಅವುಗಳನ್ನು ಮೊದಲ ದಿನವೇ ಹಿಡಿದವರು ಮೂರನೆಯ ದಿನ ಕೈಬಿಟ್ಟಿದ್ದನ್ನು ಸಾಕಷ್ಟು ನೋಡಿದ್ದೇನೆ. ಅದರ ಬದಲು ಎಂಟರಿಂದ ಹತ್ತನೆಯ ತರಗತಿಯವರೆಗಿನ ವಿಜ್ಞಾನ, ಗಣಿತ, ಸಮಾಜ ವಿಜ್ಞಾನ ಪುಸ್ತಕಗಳನ್ನು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಜೋಡಿಯಾಗಿ ಇಟ್ಟುಕೊಳ್ಳಿ. ಮನೆಯಲ್ಲಿ ಇಲ್ಲದಿದ್ದರೆ ಕರ್ನಾಟಕ ಪಠ್ಯಪುಸ್ತಕ ಸಂಘದ ಜಾಲತಾಣದಲ್ಲಿ ಎರಡೂ ಮಾಧ್ಯಮದವು ಉಚಿತವಾಗಿ ಸಿಗುತ್ತವೆ. ಜೊತೆಗೆ ಅಂಗಡಿಯವರು ಉದ್ರಿ ಬರೆಯುವಂತಹ ಉದ್ದನೆಯ ಲೆಕ್ಕದ ಪುಸ್ತಕ ಒಂದು. ಅದರಲ್ಲಿ ಮೂರು ಕಂಬ ಗೆರೆ ಹಾಕಿ: ಇಂಗ್ಲಿಷ್ ಪದ, ಅದರ ತುಂಡುಗಳು, ಕನ್ನಡ ಪಾರಿಭಾಷಿಕ ಪದದ ತುಂಡುಗಳು.

ಒಂದೇ ಅಧ್ಯಾಯದಿಂದ ಆರಂಭಿಸಿ. ಸಸ್ಯಗಳ ಪಾಠ ತೆಗೆದರೆ ಫೋಟೋಸಿಂಥೆಸಿಸ್ ಎದುರಿಗೆ ದ್ಯುತಿಸಂಶ್ಲೇಷಣೆ. ಫೋಟೋ ಬೆಳಕು, ದ್ಯುತಿಯೂ ಬೆಳಕು. ಸಿನ್ ಎಂದರೆ ಒಟ್ಟಿಗೆ, ನಮ್ಮ 'ಸಂ'. ಥೆಸಿಸ್ ಇಡುವುದು, ಶ್ಲೇಷಣೆ ಕೂಡಿಸುವುದು. ಶಾಲೆಯಲ್ಲಿ ಈ ಪದವನ್ನು ಕಂಡು ನಾವೆಲ್ಲ ಗೊಣಗಿದ್ದೆವು. ಇದನ್ನು ಕಟ್ಟಿದವರು ಗ್ರೀಕಿನ ತುಂಡು ತುಂಡಿಗೂ ಒಂದೊಂದು ಸಂಸ್ಕೃತದ ತುಂಡು ಅಳತೆ ಮಾಡಿ ಕೂರಿಸಿದ್ದಾರೆ ಎಂದು ಆಗ ಯಾರೂ ಹೇಳಲಿಲ್ಲ. ಅದೇ ಪಾಠದ ಕ್ಲೋರೋಫಿಲ್ ನೋಡಿ: ಕ್ಲೋರೊ ಹಸಿರು, ಫಿಲ್ ಎಲೆ. ಪತ್ರಹರಿತ್ತು ಅದನ್ನೇ ಹಿಂದುಮುಂದಾಗಿ ಹೇಳುತ್ತದೆ. ಗಣಿತಕ್ಕೆ ಬನ್ನಿ. ಟ್ರಿಗನಾಮೆಟ್ರಿ ಎಂದರೆ ಟ್ರಿ, ಗೋನಿಯ, ಮೆಟ್ರಾನ್. ತ್ರಿ, ಕೋನ, ಮಿತಿ. ಸಮಾಜ ವಿಜ್ಞಾನದ ಡೆಮಾಕ್ರಸಿಯಲ್ಲಿ ಡೆಮೋಸ್ ಪ್ರಜೆಗಳು, ಕ್ರಾಟೋಸ್ ಪ್ರಭುತ್ವ.

ಹತ್ತು ಪುಟ ಮುಗಿಯುವ ಹೊತ್ತಿಗೆ ಮೂರನೆಯ ಕಂಬ ತನ್ನಷ್ಟಕ್ಕೆ ತುಂಬುತ್ತಾ ಹೋಗುತ್ತದೆ. ತುಂಬದ ಕಡೆ ಖಾಲಿ ಬಿಡಿ. ಫೋಟೋಗ್ರಾಫ್ ಎದುರಿಗೆ ಛಾಯಾಚಿತ್ರ ಬರೆದ ನಮ್ಮ ಹುಡುಗನೊಬ್ಬ, "ಅವರು ಬೆಳಕು ಎಂದರು, ನಾವು ನೆರಳು ಎಂದೆವು, ಯಾರದು ಸರಿ ಅಕ್ಕಾ?" ಎಂದು ಕೇಳಿದ. ಎರಡೂ ಇಲ್ಲದೆ ಚಿತ್ರ ಬರುವುದಿಲ್ಲ ಎಂದು ಜಾರಿಕೊಂಡೆ.

ಹೆಜ್ಜೆ ೨: ಬಾಲದಿಂದ ಕತ್ತರಿಸಿ

ಉದ್ದನೆಯ ಪದವನ್ನು ತಲೆಯಿಂದ ಓದಲು ಹೋದರೆ ಉಸಿರು ಕಟ್ಟುತ್ತದೆ. ಹಿಂದಿನಿಂದ ಹಿಡಿಯಿರಿ. ನಮ್ಮ ಸಮಾಸದಲ್ಲಿ ತತ್ಪುರುಷಕ್ಕೆ ಉತ್ತರಪದವೇ ಪ್ರಧಾನವೆಂದು ಕಲಿತಿದ್ದೇವೆ. ಇಲ್ಲೂ ಬಹುಮಟ್ಟಿಗೆ ಹಾಗೆಯೇ. ಲಜಿ ಎಂದು ಮುಗಿದರೆ ಶಾಸ್ತ್ರ, ಮೀಟರ್ ಎಂದರೆ ಮಾಪಕ, ಸ್ಕೋಪ್ ಎಂದರೆ ದರ್ಶಕ, ಗ್ರಾಫ್ ಅಥವಾ ಗ್ರಾಮ್ ಎಂದರೆ ಬರೆದದ್ದು. ಜಿಯಾಲಜಿ ಭೂವಿಜ್ಞಾನ, ಥರ್ಮಾಮೀಟರ್ ಉಷ್ಣಮಾಪಕ, ಮೈಕ್ರೋಸ್ಕೋಪ್ ಸೂಕ್ಷ್ಮದರ್ಶಕ. ಹೃದಯದ ವಿದ್ಯುತ್ತಿನ ಗೆರೆಗಳನ್ನು ಕಾಗದದ ಮೇಲೆ ಬರೆಯುವುದು ಎಲೆಕ್ಟ್ರೋ, ಕಾರ್ಡಿಯೋ, ಗ್ರಾಮ್. ಎಲ್ಲರ ಬಾಯಲ್ಲೂ ಇರುವ ಇಸಿಜಿ ಅದೇ.

ಆಸ್ಪತ್ರೆಯ ಬಾಲಗಳನ್ನು ಬೇರೆ ಪುಟದಲ್ಲಿ ಬರೆದುಕೊಳ್ಳಿ, ಬೆಲೆ ಬಾಳುತ್ತವೆ. ಐಟಿಸ್ ಎಂದರೆ ಉರಿಯೂತ: ಟಾನ್ಸಿಲೈಟಿಸ್, ಗ್ಯಾಸ್ಟ್ರೈಟಿಸ್, ಕೀಲಿನ ಆರ್ಥ್ರೈಟಿಸ್, ಯಕೃತ್ತಿನ ಹೆಪಟೈಟಿಸ್. ಎಕ್ಟಮಿ ಎಂದರೆ ಕತ್ತರಿಸಿ ಹೊರತೆಗೆಯುವುದು. ಎಕ್ ಹೊರಗೆ, ಟೋಮ್ ಕೊಯ್ತ. ಆಲ್ಜಿಯ ನೋವು. ಈಮಿಯ ರಕ್ತದ ಸ್ಥಿತಿ.

ಈ ಕೊನೆಯದಕ್ಕೆ ಬಳ್ಳಾರಿ ಜಿಲ್ಲೆಯವರು ಸ್ವಲ್ಪ ನಿಲ್ಲಬೇಕು. ಗ್ರೀಕಿನಲ್ಲಿ ಹೈಮ ಎಂದರೆ ರಕ್ತ. ಅನೀಮಿಯ ರಕ್ತಹೀನತೆ, ಹಿಮೋಗ್ಲೋಬಿನ್ ರಕ್ತದಲ್ಲಿ ಆಮ್ಲಜನಕ ಹೊರುವ ಕಬ್ಬಿಣಯುಕ್ತ ಪ್ರೋಟೀನು. ಸಂಡೂರಿನ ಗುಡ್ಡಗಳಿಂದ ಅಗೆದು ಲಾರಿಗೆ ತುಂಬುವ ಅದಿರಿನ ಹೆಸರು ಹೆಮಟೈಟ್. ಅದೂ ಅದೇ ಹೈಮ. ಪುಡಿ ಮಾಡಿದರೆ ನೆತ್ತರಿನ ಬಣ್ಣ ಬಿಡುವ ಕಲ್ಲೆಂದು ಗ್ರೀಕರು ಆ ಹೆಸರು ಕೊಟ್ಟರು. ತೋರಣಗಲ್ಲಿನ ಕಡೆಯಿಂದ ಬರುವ ನಮ್ಮ ವಿದ್ಯಾರ್ಥಿನಿಯ ಬಿಳಿ ಸಮವಸ್ತ್ರದ ಅಂಚಿನಲ್ಲಿ ಆ ಕೆಂಪು ಧೂಳು ಇದ್ದೇ ಇರುತ್ತದೆ. ಅವಳಿಗೆ ಹೈಮ ಪದವನ್ನು ಎರಡನೆಯ ಸಲ ಹೇಳಬೇಕಾಗಲಿಲ್ಲ.

ಹೆಜ್ಜೆ ೩: ಸಂಧಿ ಮಾಡಿ

ವ್ಯಾಕರಣದ ಪರೀಕ್ಷೆಯಲ್ಲಿ 'ಬಿಡಿಸಿ ಬರೆದು ಸಂಧಿ ಹೆಸರಿಸಿ' ಎಂದು ಕೇಳುತ್ತಿದ್ದರಲ್ಲ, ಆ ಪ್ರಶ್ನೆ ಇಲ್ಲಿ ಫಲ ಕೊಡುತ್ತದೆ. ಇಂಗ್ಲಿಷಿನ ಕಾಗುಣಿತ ಹುಚ್ಚುಹುಚ್ಚಾಗಿದೆ ಎಂದು ಬೈಯುವ ಎಷ್ಟೋ ಕಡೆ ನಿಜವಾಗಿ ಇರುವುದು ಸಂಧಿಕಾರ್ಯ.

ಉತ್ ಮತ್ತು ಲೇಖ ಸೇರಿದರೆ ಉಲ್ಲೇಖ; ತಕಾರ ಮುಂದಿನ ಲಕಾರಕ್ಕೆ ಶರಣಾಗುತ್ತದೆ. ಲ್ಯಾಟಿನ್ನಿನ ನಿಷೇಧಾರ್ಥಕ 'ಇನ್' ಕೂಡ ಹೀಗೆಯೇ ಶರಣಾಗುತ್ತದೆ. ಇನ್ ಮತ್ತು ಲೀಗಲ್ ಸೇರಿ ಇಲ್ಲೀಗಲ್, ಆದ್ದರಿಂದ ಅಲ್ಲಿ ಎರಡು ಎಲ್. ಇರ್ರೆಗ್ಯುಲರ್‌ಗೆ ಎರಡು ಆರ್, ಇಮ್ಮೆಚ್ಯೂರ್‌ಗೆ ಎರಡು ಎಮ್. ಒಂದು ಅಕ್ಷರ ಉಪಸರ್ಗದ್ದು, ಇನ್ನೊಂದು ಮೂಲಪದದ್ದು. ಬಿಡಿಸಿ ನೋಡಿದವರು ಒಂದನ್ನು ನುಂಗುವುದಿಲ್ಲ.

ಇನ್ನೊಂದು ಇದೆ. ಸಂಪತ್ತು ಎಂದಾಗ ಸೊನ್ನೆ ಮಕಾರವಾಗಿ ನುಡಿಯುತ್ತದೆ, ಸಂತತಿ ಎಂದಾಗ ನಕಾರವಾಗಿ. ಮುಂದೆ ಬರುವ ವರ್ಗಕ್ಕೆ ತಕ್ಕಂತೆ ಬದಲಾಗುತ್ತದೆ, ನಮಗೆ ಗೊತ್ತೇ ಆಗುವುದಿಲ್ಲ. ಸಿಂಪಥಿ, ಸಿಂಥೆಸಿಸ್ ಎಂದು ಕನ್ನಡದಲ್ಲಿ ಬರೆದರೆ ಎರಡಕ್ಕೂ ಒಂದೇ ಸೊನ್ನೆ. ಇಂಗ್ಲಿಷಿನಲ್ಲಿ ಮೊದಲನೆಯದಕ್ಕೆ ಎಮ್, ಎರಡನೆಯದಕ್ಕೆ ಎನ್. ಎಲ್ಲಿ ಯಾವುದು ಎಂದು ಅನುಮಾನ ಬಂದರೆ ಕನ್ನಡದ ಸೊನ್ನೆಯನ್ನು ಗಟ್ಟಿಯಾಗಿ ಉಚ್ಚರಿಸಿ ತುಟಿ ಮುಚ್ಚಿತೋ ಇಲ್ಲವೋ ನೋಡಿ. ಮುಚ್ಚಿದರೆ ಎಮ್.

ಲೋಪಸಂಧಿಯೂ ಇದೆ. ಗ್ರೀಕ್ ತುಂಡುಗಳ ನಡುವೆ ಅಂಟಿನಂತೆ ಒಂದು ಓಕಾರ ಬರುತ್ತದೆ: ಗ್ಯಾಸ್ಟ್ರೋ, ಕಾರ್ಡಿಯೋ, ಆಸ್ಟಿಯೋ. ಮುಂದಿನ ತುಂಡು ಸ್ವರದಿಂದ ಆರಂಭವಾದರೆ ಆ ಓಕಾರ ಸಾಮಾನ್ಯವಾಗಿ ಬಿದ್ದುಹೋಗುತ್ತದೆ. ಊರು ಮತ್ತು ಅಲ್ಲಿ ಸೇರಿ ಊರಲ್ಲಿ ಆದ ಹಾಗೆ, ಗ್ಯಾಸ್ಟ್ರೋ ಮತ್ತು ಐಟಿಸ್ ಸೇರಿ ಗ್ಯಾಸ್ಟ್ರೈಟಿಸ್.

ಅಭಾವ ಹೇಳುವ 'ಅ' ಬಗ್ಗೆ ಪ್ರತ್ಯೇಕವಾಗಿ ಹೇಳಬೇಕು. ಸಂಸ್ಕೃತದಲ್ಲಿ ವ್ಯಂಜನದ ಮುಂದೆ ಅ, ಸ್ವರದ ಮುಂದೆ ಅನ್: ಅಜ್ಞಾನ, ಅನಾರೋಗ್ಯ. ಗ್ರೀಕಿನಲ್ಲೂ ಅದೇ ನಿಯಮ, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ ಎನ್ನಬಹುದು. ದೇವರನ್ನು ನಂಬದವನು ಎಥೀಸ್ಟ್, ಅರಾಜಕತೆ ಅನಾರ್ಕಿ. ಇದು ಕಾಕತಾಳೀಯವಲ್ಲ. ಏಕೆಂದು ಮುಂದೆ ನೋಡೋಣ.

ಹೆಜ್ಜೆ ೪: ನಂಟಸ್ತಿಕೆ ಗುರುತಿಸಿ

ಮೂರನೆಯ ಕಂಬದಲ್ಲಿರುವ ಪದಗಳೆಲ್ಲ ಒಂದೇ ಬಗೆಯವಲ್ಲ. ಪ್ರತಿಯೊಂದರ ಪಕ್ಕ ಒಂದು ಗುರುತು ಹಾಕಿ: ಅಚ್ಚು, ಒಡಹುಟ್ಟು, ಕಡ.

ಅಚ್ಚು ಎಂದರೆ ಅರ್ಥವನ್ನು ನೋಡಿ ನಮ್ಮವರು ಎರಕ ಹೊಯ್ದದ್ದು. ನಮ್ಮ ಬಳ್ಳಾರಿ ಗುಡ್ಡವನ್ನು ಏಕಶಿಲಾ ಬೆಟ್ಟವೆಂದು ಹೆಮ್ಮೆಯಿಂದ ಕರೆಯುತ್ತೇವೆ. ಇಂಗ್ಲಿಷಿನವರು ಮಾನೋಲಿತ್ ಎನ್ನುತ್ತಾರೆ. ಮಾನೋ ಒಂದು, ಲಿಥೋಸ್ ಕಲ್ಲು. ಶಬ್ದಗಳು ಬೇರೆ ಬೇರೆ, ಅಚ್ಚು ಒಂದೇ. ಪೋಸ್ಟ್‌ಮಾರ್ಟಮ್ ಮರಣೋತ್ತರ ಪರೀಕ್ಷೆ ಆದದ್ದೂ ಹೀಗೆ. ಈ ಅಭ್ಯಾಸ ಬಹಳ ಹಳೆಯದು. ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ 1915ರಲ್ಲಿ ಸಿಕ್ಕ ಶಾಸನ ಅಶೋಕನ ಹೆಸರನ್ನೇ ಹೇಳುತ್ತದೆ. ಕೊಪ್ಪಳದ ಗವಿಮಠ, ಪಾಲ್ಕಿಗುಂಡುಗಳಲ್ಲೂ ಅವನ ಶಾಸನಗಳಿವೆ. ಅದೇ ಅಶೋಕ ಕಂದಹಾರಿನಲ್ಲಿ ಗ್ರೀಕಿನಲ್ಲೂ ಬರೆಸಿದ. ಅಲ್ಲಿ 'ಧಮ್ಮ'ಕ್ಕೆ 'ಯುಸೆಬೈಯ', ಅಂದರೆ ಭಕ್ತಿ ಎಂಬರ್ಥದ ಗ್ರೀಕ್ ಪದ ಹಾಕಿದ್ದಾರೆ. ಪಠ್ಯಪುಸ್ತಕ ಅನುವಾದಿಸುವವರ ತಲೆನೋವು ಎರಡು ಸಾವಿರ ವರ್ಷಕ್ಕೂ ಹಳೆಯದು ಎಂದಾಯಿತು.

ಒಡಹುಟ್ಟು ಎಂದರೆ ನಿಜವಾದ ರಕ್ತಸಂಬಂಧ. ಸಂಸ್ಕೃತ, ಗ್ರೀಕ್, ಲ್ಯಾಟಿನ್ ಭಾಷೆಗಳು ಒಂದೇ ಮೂಲದಿಂದ ಕವಲೊಡೆದಿರಬೇಕು ಎಂದು 1786ರಲ್ಲಿ ಕಲ್ಕತ್ತೆಯಲ್ಲಿ ವಿಲಿಯಂ ಜೋನ್ಸ್ ಹೇಳಿದರು, ಆಮೇಲಿನ ವಿದ್ವಾಂಸರು ಅದನ್ನು ನಿಯಮಬದ್ಧವಾಗಿ ತೋರಿಸಿದರು. ಕನ್ನಡ ದ್ರಾವಿಡ ಭಾಷೆ, ಆ ಮನೆಯದಲ್ಲ. ಆದರೆ ಆ ಮನೆಯ ಸಾವಿರಾರು ಪದಗಳನ್ನು ತತ್ಸಮವಾಗಿ ತಂದಿಟ್ಟುಕೊಂಡಿದೆ, ಅವುಗಳ ಮೂಲಕ ನಮಗೂ ಒಳಗೆ ಪ್ರವೇಶವಿದೆ. ದಂತಕ್ಕೆ ಡೆಂಟಲ್, ನಾಮಕ್ಕೆ ನಾಮಿನೇಷನ್. ಚುನಾವಣೆ ಬಂದಾಗ ಸಲ್ಲಿಸುವ ನಾಮಪತ್ರ ನೆನಪಿಸಿಕೊಳ್ಳಿ. ಅಗ್ನಿಗೆ ಗಾಡಿಯ ಇಗ್ನಿಷನ್, ನೌಕೆಗೆ ನೇವಿ, ಮಾತೃವಿಗೆ ಮೆಟರ್ನಿಟಿ, ಅಕ್ಷಕ್ಕೆ ಆಕ್ಸಿಸ್, ಅಸ್ಥಿಗೆ ಆಸ್ಟಿಯೋ. ರಾಯಚೂರಿನವರಿಗೆ ಶಕ್ತಿನಗರದ ಥರ್ಮಲ್ ಕೇಂದ್ರ ಗೊತ್ತು. ಥರ್ಮ ಎಂಬುದು ಸಂಸ್ಕೃತದ ಘರ್ಮದ ಒಡಹುಟ್ಟು. ಘರ್ಮ ಎಂದರೆ ಸೆಕೆ, ಬೆವರು. ರಾಯಚೂರಿನ ಏಪ್ರಿಲ್ ಕಂಡವರಿಗೆ ಹೆಚ್ಚಿನ ವಿವರಣೆ ಬೇಡ. ನನ್ನನ್ನು ಕಿರುಪರೀಕ್ಷೆಯಲ್ಲಿ ಬೀಳಿಸಿದ ಎರಿತ್ರೋಸ್ ಕೂಡ ರುಧಿರದ ಬಂಧು. ಎರಡರ ಮೂಲಾರ್ಥವೂ ಕೆಂಪು. ಇದು ಮೊದಲೇ ತಿಳಿದಿದ್ದರೆ ನಾಲ್ಕು ಅಂಕ ಉಳಿಯುತ್ತಿದ್ದವು.

ಎಲ್ಲಕ್ಕಿಂತ ನನಗೆ ಇಷ್ಟವಾದ ಉದಾಹರಣೆ ಆರ್‌ಟಿಒ ಕಚೇರಿಯದು. ದ್ವಿಚಕ್ರ ವಾಹನ. ದ್ವಿ ಎಂಬುದರ ಲ್ಯಾಟಿನ್ ಸೋದರ ಬೈ, ಚಕ್ರದ ಗ್ರೀಕ್ ಸೋದರ ಕುಕ್ಲೋಸ್, ಅಂದರೆ ಸೈಕಲ್. ವಾಹನದ ಬಂಧು ವೆಹಿಕಲ್. ಬೈಸಿಕಲ್ ಎಂದರೂ ದ್ವಿಚಕ್ರ ಎಂದರೂ ಒಂದೇ ಅಜ್ಜನ ಮೊಮ್ಮಕ್ಕಳನ್ನು ಕರೆದಂತೆ. ಬಳ್ಳಾರಿ ಜಂಕ್ಷನ್ನಿಗೆ ಹೋದರೆ ಜಂಕ್ಷನ್ ಎಂಬುದರಲ್ಲಿ ಯೋಗದ ಯುಜ್ ಧಾತುವಿನ ಬಂಧು ಇದೆ: ಕೂಡುವಿಕೆ. ಸ್ಟೇಷನ್ನಿನಲ್ಲಿ ಸ್ಥಾನದ ಬಂಧು. ಸ್ಥಾನವೇ ತದ್ಭವವಾಗಿ ತಾಣವಾಯಿತು. ನಿಲ್ ಎಂಬ ಅಚ್ಚಕನ್ನಡ ಧಾತು ಅದಕ್ಕೆ ಸೇರಿ ನಿಲ್ದಾಣವಾಯಿತು. ಪೊಲೀಸ್ ಠಾಣೆಯೂ ಅದೇ ಸ್ಥಾನ.

ಅಂಕಿಗಳು ಸುಲಭ. ಸಪ್ತ, ಅಷ್ಟ, ನವ, ದಶ: ಸೆಪ್ಟೆಂಬರ್, ಅಕ್ಟೋಬರ್, ನವೆಂಬರ್, ಡಿಸೆಂಬರ್. ಒಂಬತ್ತನೆಯ ತಿಂಗಳಿಗೆ ಏಳರ ಹೆಸರೇಕೆ ಎಂದರೆ ರೋಮನ್ನರ ಹಳೆಯ ವರ್ಷ ಮಾರ್ಚಿನಲ್ಲಿ ಆರಂಭವಾಗುತ್ತಿತ್ತು. ನಮ್ಮ ಯುಗಾದಿಯೂ ಆ ಹೊತ್ತಿಗೇ ಬರುವುದರಿಂದ ಮಕ್ಕಳು ಇದನ್ನು ಬೇಗ ಒಪ್ಪುತ್ತಾರೆ.

ಮೂರನೆಯದು ಕಡ, ಅಂದರೆ ಸಂಸ್ಕೃತವೇ ಗ್ರೀಕಿನಿಂದ ನೇರವಾಗಿ ಪಡೆದದ್ದು. ಇವು ಕಡಿಮೆ. ಕೇಂದ್ರ ಎಂಬುದು ಗ್ರೀಕಿನ ಕೆಂಟ್ರಾನ್, ಇಂಗ್ಲಿಷಿನ ಸೆಂಟರ್. ಜ್ಯೋತಿಷಿಗಳು ಹೇಳುವ ಹೋರಾ ಗ್ರೀಕರ ಹೋರಾ, ಇಂಗ್ಲಿಷಿನ ಅವರ್. ನಾನು ಕೆಲಸ ಮಾಡುವ 'ತಪಾಸಣೆ ಕೇಂದ್ರ'ದ ಹಲಗೆಯಲ್ಲಿ ಒಂದು ಗ್ರೀಕ್ ಪದ ಕನ್ನಡ ಲಿಪಿಯಲ್ಲಿ ದಿನವೂ ನೇತಾಡುತ್ತಿರುತ್ತದೆ.

ಹೆಜ್ಜೆ ೫: ಮಹಾಪ್ರಾಣ ನೆನಪಿರಲಿ

ಒಂದು ಪದ ಗ್ರೀಕಿನದೋ ಲ್ಯಾಟಿನ್ನಿನದೋ ಎಂದು ಅರ್ಥ ತಿಳಿಯುವ ಮೊದಲೇ ಕಾಗುಣಿತದಿಂದ ಊಹಿಸಬಹುದು. ಫ ಸದ್ದಿಗೆ ಪಿ-ಎಚ್ ಬರೆದಿದ್ದರೆ, ಕ ಸದ್ದಿಗೆ ಸಿ-ಎಚ್ ಬರೆದಿದ್ದರೆ, ಪದದ ಆರಂಭದಲ್ಲಿ ಆರ್-ಎಚ್ ಅಥವಾ ಬಾಯಿ ಬಿಡದ ಪಿ ಇದ್ದರೆ, ವ್ಯಂಜನಗಳ ನಡುವೆ ವೈ ಸ್ವರವಾಗಿ ಕೂತಿದ್ದರೆ, ಬಹುಪಾಲು ಅದು ಗ್ರೀಕ್. ಫಾರ್ಮಸಿ, ಕೆಮಿಸ್ಟ್ರಿ, ರುಮಾಟಿಸಂ, ಸೈಕಾಲಜಿ, ಸಿಸ್ಟಂ.

ಒಂದು ಸದ್ದಿಗೆ ಎರಡು ಅಕ್ಷರ ಏಕೆ? ಹಳೆಯ ಗ್ರೀಕಿನಲ್ಲಿ ನಮ್ಮ ಫ, ಥ, ಖ ಇದ್ದ ಹಾಗೆ ಮೂರು ಮಹಾಪ್ರಾಣ ವ್ಯಂಜನಗಳಿದ್ದವು. ರೋಮನ್ನರಿಗೆ ಮಹಾಪ್ರಾಣ ಇರಲಿಲ್ಲ, ಅದಕ್ಕೆ ಅಕ್ಷರವೂ ಇರಲಿಲ್ಲ. ಅಲ್ಪಪ್ರಾಣದ ಪಕ್ಕ ಒಂದು ಎಚ್ ನಿಲ್ಲಿಸಿ ಕೆಲಸ ಸಾಗಿಸಿದರು. ಉಚ್ಚಾರಣೆ ಕಾಲಾಂತರದಲ್ಲಿ ಬದಲಾಯಿತು, ಎಚ್ ಮಾತ್ರ ಉಳಿಯಿತು. ನಾನು ಮಕ್ಕಳಿಗೆ ಇಂಥ ಪದಗಳನ್ನು ಮೊದಲು ಕನ್ನಡದ ಮಹಾಪ್ರಾಣದಲ್ಲಿ ಬರೆಸುತ್ತೇನೆ: ಖೊಲೆರ, ಖ್ರೋನಿಕ್. ಓದುವಾಗ ಕಾಲರಾ, ಕ್ರಾನಿಕ್ ಎಂದೇ ಓದಬೇಕು. ಬರೆಯುವಾಗ ಎಚ್ ಮರೆಯುವುದಿಲ್ಲ.

ಹೆಜ್ಜೆ ೬: ಒಂದೇ ಅಂಗಕ್ಕೆ ಮೂರು ಹೆಸರು

ಮನೆಯಲ್ಲಿ ಕಣ್ಣು, ಆಸ್ಪತ್ರೆಯ ಹಲಗೆಯಲ್ಲಿ ನೇತ್ರ, ಇನ್ನೂ ಮೇಲೆ ಹೋದರೆ ಅಕ್ಷಿ. ಇಂಗ್ಲಿಷಿನಲ್ಲೂ ಹಾಗೆಯೇ ಐ, ಆಕ್ಯುಲರ್, ಆಫ್ತಾಲ್ಮಾಲಜಿ: ಒಂದು ಮನೆಯ ಮಾತು, ಒಂದು ಲ್ಯಾಟಿನ್, ಒಂದು ಗ್ರೀಕ್. ನೀರು, ಜಲ, ಉದಕ ಎಂಬಂತೆ ವಾಟರ್, ಅಕ್ವಾ, ಹೈಡ್ರೊ. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಫ್ರೆಂಚಿನ ಮೂಲಕ ಲ್ಯಾಟಿನ್ ಪದಗಳು ದಂಡು ದಂಡಾಗಿ ಬಂದವು. ಆಮೇಲೆ ವಿದ್ವಾಂಸರೂ ವಿಜ್ಞಾನಿಗಳೂ ಗ್ರೀಕ್, ಲ್ಯಾಟಿನ್ ಗ್ರಂಥಗಳಿಂದ ನೇರವಾಗಿ ತಂದರು. ಅಡುಗೆಮನೆ ಒಂದು ಭಾಷೆ, ಕಚೇರಿ ಇನ್ನೊಂದು ಭಾಷೆ ಆಗುವುದು ನಮಗೇನು ಹೊಸದಲ್ಲ.

ವೈದ್ಯಕೀಯದಲ್ಲಿ ಅಂಗವನ್ನು ಸೂಚಿಸುವ ವಿಶೇಷಣ ಎಷ್ಟೋ ಸಲ ಲ್ಯಾಟಿನ್ನಿನದು, ರೋಗ ಮತ್ತು ವೈದ್ಯರ ಹೆಸರು ಗ್ರೀಕಿನದು. ಮೂತ್ರಪಿಂಡಕ್ಕೆ ರೀನಲ್ ಮತ್ತು ನೆಫ್ರೊ. ಹಲ್ಲಿಗೆ ಡೆಂಟಲ್ ಮತ್ತು ಆರ್ಥೊಡಾಂಟಿಸ್ಟ್‌ನಲ್ಲಿರುವ ಒಡಾಂಟ್. ಚರ್ಮಕ್ಕೆ ಕ್ಯುಟೇನಿಯಸ್ ಮತ್ತು ಡರ್ಮ. ಜೋಡಿಯಾಗಿ ಕಲಿಯಿರಿ, ಬಿಡಿಬಿಡಿಯಾಗಿ ಬೇಡ.

ಇದು ಬರೀ ಪರೀಕ್ಷೆಯ ಮಾತಲ್ಲ. ಕಾಲುವೆ ಕೆಳಗೆ ಭತ್ತ ಬೆಳೆಯುವ ನಮ್ಮ ದೊಡ್ಡಪ್ಪನಿಗೆ ಮೂತ್ರಪಿಂಡದ ತೊಂದರೆ ಆದಾಗ ಚೀಟಿಯಲ್ಲಿ ನೆಫ್ರಾಲಜಿ ಎಂದಿತ್ತು. ದೊಡ್ಡ ಆಸ್ಪತ್ರೆಯೊಂದರಲ್ಲಿ ಯಾರೋ ಕೈ ತೋರಿದ ಕಡೆ ಹೋಗಿ ನ್ಯೂರಾಲಜಿಯ ಸಾಲಿನಲ್ಲಿ ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ನಿಂತರು. ಒಳಗೆ ಹೋದ ಮೇಲೆ ಗೊತ್ತಾಯಿತು, ಅದು ನರದ ವಿಭಾಗ. ಆ ಹೊತ್ತಿಗೆ ಮೂತ್ರಪಿಂಡದ ವೈದ್ಯರು ಹೊರಟು ಹೋಗಿದ್ದರು. ದೊಡ್ಡಮ್ಮ ಈಗಲೂ ಆ ಚೀಟಿಯನ್ನು ಚೀಲದಲ್ಲಿ ಇಟ್ಟುಕೊಂಡಿದ್ದಾರೆ. ಆಮೇಲಿನ ಸ್ಕ್ಯಾನಿಂಗ್ ವರದಿಯಲ್ಲಿ ರೀನಲ್ ಕ್ಯಾಲ್ಕುಲಸ್ ಎಂದು ಬಂದಾಗ, ಗಣಿತ ಓದುವ ಅವರ ಮೊಮ್ಮಗ ಬೆಪ್ಪಾಗಿ ನನ್ನ ಮುಖ ನೋಡಿದ. ಕ್ಯಾಲ್ಕುಲಸ್ ಎಂದರೆ ಲ್ಯಾಟಿನ್ನಿನಲ್ಲಿ ಹರಳುಕಲ್ಲು. ಹಿಂದೆ ಹರಳು ಜೋಡಿಸಿ ಲೆಕ್ಕ ಮಾಡುತ್ತಿದ್ದುದರಿಂದ ಕ್ಯಾಲ್ಕುಲೇಟ್ ಬಂತು. ದೊಡ್ಡಪ್ಪನದು ಅಸಲಿ ಹರಳು.

ಹೈಪರ್ ಮತ್ತು ಹೈಪೊ ಎಂಬ ಜೋಡಿಗೆ ಕೆಂಪು ಶಾಯಿ ಬಳಸಿ. ಹೈಪರ್ ಎಂಬುದು ನಮ್ಮ ಉಪರಿಯ ಬಂಧು, ಮೇಲೆ. ಹೈಪೊ ಎಂಬುದು ಉಪ, ಕೆಳಗೆ. ಹೈಪರ್‌ಗ್ಲೈಸೀಮಿಯ ಎಂದರೆ ರಕ್ತದಲ್ಲಿ ಸಕ್ಕರೆ ಹೆಚ್ಚು, ಹೈಪೊಗ್ಲೈಸೀಮಿಯ ಎಂದರೆ ಕಡಿಮೆ. ಕೇಳಲು ಒಂದೇ ತರಹ, ಉಪಚಾರ ತದ್ವಿರುದ್ಧ. ಪದ ಬಿಡಿಸಲು ಬಂತೆಂದು ವರದಿ ಓದಿ ಔಷಧಿ ಹೇಳಲು ಹೋಗಬೇಡಿ, ಅದು ವೈದ್ಯರ ಕೆಲಸ. ಯಾವ ಬಾಗಿಲು ತಟ್ಟಬೇಕೆಂದು ತಿಳಿದರೆ ಸಾಕು.

ಹೆಜ್ಜೆ ೭: ಮೋಸ ಹೋಗುವ ಜಾಗಗಳು

ಡೀಸೆಲ್ ಟ್ಯಾಂಕರಿನ ಹಿಂಭಾಗದಲ್ಲಿ ಇನ್‌ಫ್ಲೇಮಬಲ್ ಎಂದು ಬರೆದಿರುವುದನ್ನು ನೋಡಿ ನಮ್ಮ ಜಾಣ ವಿದ್ಯಾರ್ಥಿಯೊಬ್ಬ, ಇನ್ ಎಂದರೆ ಇಲ್ಲ, ಆದ್ದರಿಂದ ಹೊತ್ತಿಕೊಳ್ಳುವುದಿಲ್ಲ ಎಂದು ಬಿಡಿಸಿದ. ಸಂಧಿ ಸರಿ, ಅರ್ಥ ಸುಟ್ಟುಹೋಯಿತು. ಇಲ್ಲಿನ ಇನ್ ನಿಷೇಧವಲ್ಲ, 'ಒಳಗೆ' ಎಂಬ ಇನ್ನೊಂದು ಇನ್. ಫ್ಲೇಮಬಲ್, ಇನ್‌ಫ್ಲೇಮಬಲ್ ಎರಡೂ ಬೇಗ ಹೊತ್ತಿಕೊಳ್ಳುವುದೇ.

ಪೆಡ್ ಇನ್ನೊಂದು ಬಲೆ. ಲ್ಯಾಟಿನ್ನಿನ ಪೆಡ್ ನಮ್ಮ ಪಾದದ ಬಂಧು: ಪೆಡಲ್, ಪೆಡೆಸ್ಟ್ರಿಯನ್. ಗ್ರೀಕಿನ ಪೈಡ್ ಎಂದರೆ ಮಗು: ಪೀಡಿಯಾಟ್ರಿಕ್ಸ್. ಹಾಗಾದರೆ ಮೂಳೆಯ ವೈದ್ಯರ ಆರ್ಥೊಪೆಡಿಕ್ಸ್ ಪಾದದ್ದೇ? ಅಲ್ಲ, ಮಗುವಿನದು. 1741ರಲ್ಲಿ ನಿಕೊಲಾ ಆಂದ್ರಿ ಎಂಬ ಫ್ರೆಂಚ್ ವೈದ್ಯರು ಮಕ್ಕಳ ಸೊಟ್ಟ ಅಂಗಗಳನ್ನು ನೇರ ಮಾಡುವ ವಿದ್ಯೆಗೆ ಆ ಹೆಸರಿಟ್ಟರು. ಆಂಟೆ ಮತ್ತು ಆಂಟಿಯೂ ಹೀಗೆ ಗಲಿಬಿಲಿ ಮಾಡುತ್ತವೆ. ಬಸುರಿಯರ ಆಂಟೆನೇಟಲ್ ತಪಾಸಣೆಯ ಆಂಟೆ ಎಂದರೆ ಮುಂಚೆ. ಆಂಟಿಬಯೋಟಿಕ್‌ನ ಆಂಟಿ ಎಂದರೆ ವಿರುದ್ಧ.

ಪ್ರಾಸ ಕೂಡಿದ್ದೆಲ್ಲ ನೆಂಟಸ್ತಿಕೆಯಲ್ಲ. ಡರ್ಮ, ಚರ್ಮ ಎಷ್ಟು ಚೆನ್ನಾಗಿ ಹೊಂದುತ್ತವೆ! ಎರಡೂ ಬೇರೆ ಬೇರೆ ಧಾತುವಿನವು. ದೇವನಿಗೆ ಲ್ಯಾಟಿನ್ನಿನ ಡೇಉಸ್ ಒಡಹುಟ್ಟಾದರೂ ಗ್ರೀಕಿನ ಥೇಓಸ್ ಅಲ್ಲ. ನೆನಪಿಗಾಗಿ ಪ್ರಾಸ ಕಟ್ಟಿಕೊಳ್ಳಿ, ಅಡ್ಡಿಯಿಲ್ಲ. ಗುರುತು ಹಾಕುವಾಗ ಮಾತ್ರ ಒಡಹುಟ್ಟು ಎಂದು ಬರೆಯುವ ಮೊದಲು ಮೊಬೈಲಿನಲ್ಲಿ ಆ ಪದದ ಜೊತೆ ಎಟಿಮಾಲಜಿ ಎಂದು ಸೇರಿಸಿ ಹುಡುಕಿ. ಇಂಗ್ಲಿಷಿನ ಎಲ್ಲ ಪದಗಳೂ ಸಂಸ್ಕೃತದಿಂದ ಹುಟ್ಟಿದವು, ಇಲ್ಲವೇ ಕನ್ನಡದಿಂದ ಹುಟ್ಟಿದವು ಎಂದು ಸಾಧಿಸುವ ಸಂದೇಶಗಳು ವಾಟ್ಸಾಪಿನಲ್ಲಿ ಓಡಾಡುತ್ತವೆ. ಓದಿ ನಕ್ಕು ಅಳಿಸಿಬಿಡಿ.

ಇನ್ನು, ಬಿಡಿಸಿದ ಅರ್ಥ ಹೆಸರಿಟ್ಟವರ ನಂಬಿಕೆಯನ್ನು ಹೇಳುತ್ತದೆ, ವಸ್ತುವಿನ ಸತ್ಯವನ್ನಲ್ಲ. ಮಲೇರಿಯ ಇಟಲಿಯ ಭಾಷೆಯಲ್ಲಿ ಕೆಟ್ಟ ಗಾಳಿ. ಸೊಳ್ಳೆಯ ಪಾತ್ರವನ್ನು ರೊನಾಲ್ಡ್ ರಾಸ್ ಸಿಕಂದರಾಬಾದಿನಲ್ಲಿ ಕಂಡದ್ದು 1897ರಲ್ಲಿ. ಆಮ್ಲಗಳಿಗೆಲ್ಲ ಆಕ್ಸಿಜನ್ನೇ ಕಾರಣವೆಂದು ಫ್ರೆಂಚ್ ರಸಾಯನಶಾಸ್ತ್ರಜ್ಞ ಲಾವಾಸಿಯೆ ತಿಳಿದಿದ್ದರಿಂದ ಆ ಹೆಸರು ಬಂತು. ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಆಕ್ಸಿಜನ್ನೇ ಇಲ್ಲ. ಲಾವಾಸಿಯೆಯ ತಪ್ಪನ್ನು ನಾವು ಆಮ್ಲಜನಕವೆಂದು ಶುದ್ಧ ಸಂಸ್ಕೃತದಲ್ಲಿ ಕಾಪಾಡಿಕೊಂಡು ಬಂದಿದ್ದೇವೆ.

ಹೆಜ್ಜೆ ೮: ದಿನಚರಿ

ದಿನಕ್ಕೆ ಐದು ಪದ, ಅದಕ್ಕಿಂತ ಹೆಚ್ಚು ಬೇಡ. ವಾರಕ್ಕೆ ಒಂದು ಧಾತು ಹಿಡಿದು ಅದರ ಬಳಗವನ್ನೆಲ್ಲ ಒಂದೇ ಪುಟದಲ್ಲಿ ಸೇರಿಸಿ. ಜನ್ ಎಂಬುದಕ್ಕೇ ಹೈಡ್ರೋಜನ್, ಜೀನ್, ಜೆನೆಟಿಕ್ಸ್, ಜನರೇಟರ್ ಎಂದು ಪುಟ ತುಂಬುತ್ತದೆ. ಭಾನುವಾರ ಹಳೆಯ ಪುಟದ ಎರಡನೆಯ, ಮೂರನೆಯ ಕಂಬ ಮುಚ್ಚಿಕೊಂಡು ಹೇಳಿ. ಔಷಧಿ ಪೆಟ್ಟಿಗೆ, ಲಾರಿಯ ಹಿಂಭಾಗ, ಬ್ಯಾಂಕಿನ ಅರ್ಜಿ, ಎಲ್ಲಿ ಹೊಸ ಪದ ಕಂಡರೂ ಗುರುತು ಹಾಕಿಕೊಳ್ಳಿ. ಪತ್ರ ಬರೆಯುವಾಗ ಮಾತ್ರ ಈ ಭಾರಿ ಪದಗಳನ್ನು ತುರುಕಬೇಡಿ. ಬಾಯಾರಿದವನು ಉದಕ ಕೊಡಿ ಎಂದು ಕೇಳಿದರೆ ಹೇಗಿರುತ್ತದೆ, ಇಂಗ್ಲಿಷಿನಲ್ಲೂ ಹಾಗೆಯೇ ಇರುತ್ತದೆ.

ಈ ವಾರಕ್ಕೆ ಎಂಟು ಪದ ಕೊಡುತ್ತೇನೆ. ಬಿಡಿಸಿ, ಕನ್ನಡ ಜೋಡಿ ಹುಡುಕಿ, ಗುರುತು ಹಾಕಿ. ಹೈಡ್ರೋಫೋಬಿಯ: ಹುಚ್ಚು ನಾಯಿ ಕಡಿತದ ಕಾಯಿಲೆಯ ಲಕ್ಷಣ. ಮ್ಯಾನ್ಯುಸ್ಕ್ರಿಪ್ಟ್: ಮನು ಇಲ್ಲಿ ಮನುಷ್ಯನಲ್ಲ, ಕೈ. ಹೆಮಿಸ್ಫಿಯರ್: ಭೂಗೋಳದ ಪುಸ್ತಕದಲ್ಲಿ ಸಿಗುತ್ತದೆ. ನಿಯೋಲಿತಿಕ್: ಬಳ್ಳಾರಿಯವರು ಸಂಗನಕಲ್ಲನ್ನು ನೆನೆಸಿಕೊಳ್ಳಿ, ಒಂದು ತುಂಡು ಒಡಹುಟ್ಟು, ಇನ್ನೊಂದು ಬರೀ ಅಚ್ಚು. ಅಕ್ವಡಕ್ಟ್: ಆನೆಗುಂದಿ, ಸಾಣಾಪುರದ ಕಡೆ ವಿಜಯನಗರ ಕಾಲದ್ದೊಂದು ಇದೆ. ಟೆಲಿವಿಷನ್: ಅರ್ಧ ಗ್ರೀಕ್, ಅರ್ಧ ಲ್ಯಾಟಿನ್, ಯಾವ ಅರ್ಧ ಯಾವುದು ಎಂದು ಹೇಳಿ. ಎಎಮ್, ಪಿಎಮ್: ಗಡಿಯಾರದ್ದು, ಪೂರ್ವಾಹ್ನ, ಅಪರಾಹ್ನ ಎಂಬ ಸುಳಿವು ಸಾಕು. ಎಂಟನೆಯದು ಮೆಗಲಿತ್. ಗಂಗಾವತಿಯ ಕಡೆಯವರಿಗೆ ಇದಕ್ಕೆ ಪುಸ್ತಕ ಬೇಡ; ಹಿರೇಬೆಣಕಲ್ಲಿನಲ್ಲಿ ಮೋರ್ಯರ ಗುಡ್ಡ ಹತ್ತಿ, ಆ ಕಲ್ಲುಮನೆಗಳ ಮುಂದೆ ನಿಂತು ನೋಡಿಕೊಂಡು ಬನ್ನಿ. ನೀರಿನ ಬಾಟಲಿ ಮರೆಯಬೇಡಿ.